ಹಿಂದಕ್ಕೆ ಬರುವವರು ಕಾಯಬೇಕು

ಭಾನುವಾರ, ನಿನ್ನಪ್ಪ ಮಧ್ಯಾಹ್ನದ ನಿದ್ದೆಗೆ ಜಾರಿದ ಹೊತ್ತು

ಮೂಗಿನ ತುದಿಯಲ್ಲೇ ಸಿಟ್ಟಿರುವ ನನ್ನ ಮಗಳೇ,

ನಿನ್ನ ಕಾರಿನ ಬಾಗಿಲು ಕ್ಷೇಮವೇ? ನಮ್ಮ ಕಾರಿನ ಹಿಂದಿನ ದೀಪ ತೀರಿಕೊಂಡಿತು.

‘ಅಪ್ಪನಿಗೆ ನಾನು ಮೇಡಂ ಆಗಿಬಿಟ್ಟೆ, ಇನ್ನು ಆ ಮನೆಗೆ ಕಾಲಿಡಲ್ಲ’ ಎಂಬ ನಿನ್ನ ಮೆಸೇಜು ಬಂತು. ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ಪತ್ರ. ಹರಿದು ಹಾಕಿದರೂ ಆಮೇಲೆ ಜೋಡಿಸಿಕೊಂಡು ಓದುವವಳು ನೀನು, ನನಗೆ ಗೊತ್ತು.

ಮೊದಲು ನ್ಯಾಯ ತೀರ್ಮಾನವಾಗಲಿ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ನೀನು ದಾರಿಯಲ್ಲಿ ನೆಟ್ಟಗೆ ಬರುತ್ತಿದ್ದೆ. ನಿನ್ನಪ್ಪ ಸಾಲಿನಿಂದ ರಿವರ್ಸ್ ತೆಗೆದು ನಿನ್ನ ಬಾಗಿಲಿಗೆ ಗುದ್ದಿದರು. ದಾರಿ ನಿನ್ನದು, ತಪ್ಪು ಅವರದು. ಇದಕ್ಕೆ ವಕೀಲರು ಬೇಡ. ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು ಊರಿಗೆಲ್ಲ ಅವರೇ ಹೇಳಿಕೊಟ್ಟ ಪಾಠ, ‘ಹಿಂದಕ್ಕೆ ಬರೋನು ಕಾಯ್ಬೇಕು’ ಅಂತ. ನಿನಗಂತೂ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು.

ಅಂಥವರು ಇಳಿದು ಬಂದು, ‘ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ ಮೇಡಂ? ನಾನು ಬರ್ತಿದ್ದೀನಲ್ಲ, ನಿಲ್ಲಿಸ್ಬೇಕು ತಾನೆ?’ ಎಂದು ಕೂಗಾಡಿದರಂತೆ. ನೀನೇನು ಕಡಿಮೆಯೇ, ಅವರ ಮಗಳೇ ತಾನೇ! ‘ಆಯ್ತು ಸಾರ್, ತಪ್ಪೆಲ್ಲ ನಂದೇ’ ಎಂದು ಚುಚ್ಚಿ ಹೊರಟೆಯಂತೆ. ವಾಚ್‌ಮನ್ ಎರಡೂ ಪಾತ್ರ ತಾನೇ ಮಾಡಿ ತೋರಿಸಿದ.

‘ಇನ್ನು ಸ್ಟೇರಿಂಗ್ ಬಿಡಪ್ಪ’ ಎಂದು ನೀನು ಅಂದ ದಿನದಿಂದ ಮಾತು ಬಿಟ್ಟ ಮುದುಕ, ಈಗ ಗುರುತಿಲ್ಲದವರ ಹಾಗೆ ನಾಟಕವಾಡಿದರು ಅಂದುಕೊಂಡಿದ್ದೀಯ. ನಾಟಕವೇ? ಅಡುಗೆಗೆ ಉಪ್ಪು ಕಡಿಮೆಯಾದಾಗ ಬಾಯಿಮಾತಿಗಾದರೂ ‘ಚೆನ್ನಾಗಿದೆ’ ಎನ್ನಲು ಬಾರದ ಮನುಷ್ಯ ಅವರು.

ಆಗ ನಾನು ಔಷಧಿ ಅಂಗಡಿಯಲ್ಲಿದ್ದೆ. ಅವರ ಮಾತ್ರೆಗೇ ಹೋಗಿದ್ದು. ಮರೆವಿನ ಕಾಯಿಲೆಯದು. ವರ್ಷವಾಯಿತು. ನೀನು ಕೇಳಿದಾಗಲೆಲ್ಲ ‘ಅಪ್ಪ ಕಲ್ಲುಗುಂಡಿನ ಹಾಗಿದ್ದಾರೆ’ ಎಂದು ಬೊಗಳೆ ಬಿಟ್ಟವಳು ನಾನು. ಕಾರಿನ ಕೀ ಕಿತ್ತಿಡಿ ಎಂದು ಡಾಕ್ಟರು ಹೇಳಿದ್ದರು. ನನಗೆ ಕೈ ಬರಲಿಲ್ಲ. ಸ್ಟೇರಿಂಗ್ ಹಿಡಿದು ಕೂತಾಗ ಮಾತ್ರ ಅವರು ಇನ್ನೂ ನಿನ್ನಪ್ಪನ ಹಾಗೆಯೇ ಕಾಣುತ್ತಿದ್ದರು. ಆದ್ದರಿಂದ ತೀರ್ಪು ಬರೆಯುವಾಗ ತಪ್ಪಿತಸ್ಥರ ಜಾಗದಲ್ಲಿ ನನ್ನನ್ನೂ ಸೇರಿಸಿಕೋ.

ಸದ್ದು ಕೇಳಿ ಓಡಿ ಬಂದೆ. ನಿನ್ನ ಕಾರು ಗೇಟಿನಲ್ಲಿ ತಿರುಗುತ್ತಿತ್ತು. ಗೊತ್ತಿದ್ದೂ, ‘ಯಾರ್ರೀ ಅದು?’ ಎಂದೆ. ‘ಯಾರೋ ಹುಡುಗಿ ಕಣೆ’ ಎಂದರು.

ಈಗ ಕೀ ಹಿಟ್ಟಿನ ಡಬ್ಬದಲ್ಲಿದೆ. ದಿನಾ ಹುಡುಕುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, ‘ನಾನೇನು ಹುಡುಕ್ತಿದ್ದೆ?’ ಎಂದು ನನ್ನನ್ನೇ ಕೇಳುತ್ತಾರೆ.

ಒಂದು ಸಲ ಬಂದು ಹೋಗು. ಗುರುತು ಹಿಡಿಯುತ್ತಾರೆಂದು ಮಾತು ಕೊಡಲಾರೆ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ,
ನಿನ್ನ ಅಮ್ಮ

ತಾ. ಕ.: ನಿನ್ನೆ ಸಂಜೆ ಇದ್ದಕ್ಕಿದ್ದ ಹಾಗೆ ಅವರೇ ಬಾಯಿ ಬಿಟ್ಟರು: ‘ತಪ್ಪು ನಂದೇ ಆಗಿತ್ತು ಕಣೆ. ಪಾಪ, ಆ ಹುಡುಗಿ ತನ್ನ ಮೇಲೆ ಹಾಕ್ಕೊಂಡು ಹೋದ್ಲು. ಅವಳಪ್ಪ ಯಾರೋ, ಚೆನ್ನಾಗಿ ಬೆಳೆಸಿದ್ದಾನೆ.’