ಗೋಡೆಗೆ ಆರಡಿ ಸಾಕು ಅಂದವನು

ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನವರಿಗೆ ನಮಸ್ಕಾರ.

ನಿಮ್ಮ ಮಾನಸಿಕ ವಾರ್ಡಿನ ಸುರಕ್ಷತಾ ಕೋಣೆಯಲ್ಲಿ ಹಣೆ ಒಡೆದುಕೊಂಡ ಹುಡುಗನ ತಂದೆ ನಾನು. ಅವತ್ತು ಡ್ಯೂಟಿಯಲ್ಲಿದ್ದ ಸಿಸ್ಟರನ್ನು ಕೆಲಸದಿಂದ ನಿಲ್ಲಿಸಿದ್ದೀರಂತೆ. ದಯವಿಟ್ಟು ವಾಪಸ್ ಕರೆಸಿಕೊಳ್ಳಿ. ಆಯಮ್ಮ ಬಾಗಿಲಲ್ಲೇ ಇದ್ದರು, ಸದ್ದು ಕೇಳಿದ ಕೂಡಲೇ ಒಳಗೆ ಓಡಿದರು. ತಪ್ಪು ನನ್ನದು.

ಹದಿನಾಲ್ಕು ವರ್ಷದ ಹಿಂದೆ ಆ ಕೋಣೆಗೆ ಮೆತ್ತೆ ಹೊದಿಸುವ ಗುತ್ತಿಗೆ ನನ್ನದಾಗಿತ್ತು. ರೋಗಿಗಳು ಬಡಿದುಕೊಂಡರೂ ಪೆಟ್ಟಾಗದಂತೆ ಯಾವ ಫೋಮ್, ಎಷ್ಟು ದಪ್ಪ, ಎಲ್ಲಿಯವರೆಗೆ ಎಂದು ಬರೆದುಕೊಟ್ಟವನು ನಾನೇ. ನೆಲಕ್ಕೆ ಜೋಡಣೆಯಿಲ್ಲದ ಒಂದೇ ಹಾಸು, ಉಗುರಿಗೆ ಸಿಗದ ಅಂಚು, ಎಲ್ಲ ಯೋಚಿಸಿದ್ದೆ. ಗೋಡೆಯ ಪ್ಯಾಡು ಮಾತ್ರ ಆರಡಿ ಸಾಕು ಅಂದೆ. "ಅದಕ್ಕಿಂತ ಎತ್ತರದವರು ಬಂದ್ರೆ?" ಎಂದು ನಿಮ್ಮ ಇಂಜಿನಿಯರ್ ಕೇಳಿದ್ದರು. "ಅಂಥವರು ಲಕ್ಷಕ್ಕೊಬ್ಬರು ಬಿಡಿ ಸಾರ್" ಎಂದು ನಕ್ಕಿದ್ದೆ. ಆಗ ನನ್ನ ಮಗ ನನ್ನ ಸೊಂಟದೆತ್ತರ ಇದ್ದ. ಈಗ ಆರಡಿ ನಾಲ್ಕಿಂಚು. ಅವನ ಹಣೆ ಬಡಿದದ್ದು ಪ್ಯಾಡು ಮುಗಿದ ಮೇಲಿನ ಬರೀ ಗೋಡೆಗೆ.

ಸೋಮವಾರ ಕೋಣೆ ಖಾಲಿ ಮಾಡಿಸಿಕೊಡಿ. ಚಾವಣಿಯವರೆಗೂ ನಾನೇ ಪ್ಯಾಡು ಕೂರಿಸುತ್ತೇನೆ. ಕೆಲಸಕ್ಕೆ ಎರಡು ದಿನ, ಅಂಟಿನ ವಾಸನೆ ಹೋಗಲು ಇನ್ನೆರಡು ದಿನ ಬೇಕು.

ನಿನ್ನೆ ಹೊಲಿಗೆ ಬಿಚ್ಚುವಾಗ ಮಗ ನನ್ನ ಕೈ ಹಿಡಿದು, "ಅಪ್ಪಾ, ಮನೆಗೆ ಹೋಗೋಣ್ವಾ?" ಅಂದ. ಅವನು ಮುರಿದ ಅವನ ತಾಯಿಯ ಕೈಮೂಳೆ ಇನ್ನೂ ಕೂಡಿಲ್ಲ. ಏನು ಹೇಳಲಿ ಮೇಡಂ? "ಕೋಣೆ ಸರಿ ಮಾಡಿಕೊಡ್ತೀನಿ ಕಂದಾ" ಅಂದೆ.

ಅವನು ಕೈ ಬಿಟ್ಟ.

ನಿಮ್ಮ ಒಂದು ಮಾತಿಗೆ ಕಾದಿರುವ,
ಹುಡುಗನ ತಂದೆ