ಕೂಕಟ್‌ಪಲ್ಲಿಯ ಬಾಣಲೆಯಲ್ಲಿ ಧಾರವಾಡ ಇರಬಹುದೇ?

ಊರ ಹೆಸರುಗಳಿಗೆ ಬೇಲಿ ಹಾಕುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಾನೂನಿನ ದೆಸೆಯಿಂದ ನಮ್ಮ ಗೋದಾವರಿ ಅತ್ತೆ ಪೇಡೆ ಮಾಡುವುದನ್ನೇ ನಿಲ್ಲಿಸಿದ್ದಾರೆ. ನಿಮ್ಮ ಕಚೇರಿಯಿಂದ ನೋಟಿಸ್ ಬಂದಿಲ್ಲ, ಇನ್‌ಸ್ಪೆಕ್ಟರ್ ಬಂದಿಲ್ಲ. ಬಂದದ್ದು ನಾನು. ಹೈದರಾಬಾದಿನ ಕಾನೂನು ಕಾಲೇಜೊಂದರ ಮೊದಲ ವರ್ಷದ ವಿದ್ಯಾರ್ಥಿನಿ. ಜಿಐ ಟ್ಯಾಗ್, ಅಂದರೆ ಊರಿನ ಹೆಸರು ಹೊತ್ತ ಪದಾರ್ಥಗಳ ರಕ್ಷಣೆಯ ಬಗ್ಗೆ ಒಂದೇ ಒಂದು ಕ್ಲಾಸು ಕೇಳಿದವಳು. ಸಂಬಳವಿಲ್ಲದೆ ನಿಮ್ಮ ಪರವಾಗಿ ದಾಳಿ ನಡೆಸಿದ ಏಕೈಕ ಸಿಬ್ಬಂದಿ ನಾನೇ ಇರಬೇಕು.

ನನ್ನ ಸೋದರತ್ತೆಯಾದ ಅವರು ಧಾರವಾಡದಲ್ಲಿ ಹುಟ್ಟಿ, ಸರ್ಕಾರಿ ನೌಕರರೊಬ್ಬರನ್ನು ಮದುವೆಯಾಗಿ ಹೈದರಾಬಾದಿನ ಕೂಕಟ್‌ಪಲ್ಲಿಗೆ ಬಂದವರು. ಇಲ್ಲಿನ ಕನ್ನಡದ ಮನೆಗಳಲ್ಲಿ ನಿಶ್ಚಯ ಕಾರ್ಯವಿದ್ದರೆ ಪೇಡೆ ಅವರದೇ. ಎಮ್ಮೆ ಹಾಲಿನ ಖೋವಾವನ್ನು ಕಂದು ಬಣ್ಣ ಬರುವವರೆಗೆ ಕೈಸೋಲದೆ ಕೆದಕಿ, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸಿ, ಡಬ್ಬಿಯ ಮೇಲೆ ದುಂಡು ಅಕ್ಷರದಲ್ಲಿ ‘ಧಾರವಾಡ ಪೇಡೆ’ ಎಂದು ಬರೆಯುತ್ತಿದ್ದರು. ನಮ್ಮ ಮೇಡಂ ಕ್ಲಾಸಿನಲ್ಲಿ, ಧಾರವಾಡ ಪೇಡೆಗೂ ಜಿಐ ಟ್ಯಾಗ್ ಇದೆ, ಆ ಪ್ರದೇಶದ ಹೊರಗೆ ಮಾಡಿದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ, ‘ಶೈಲಿ’, ‘ಮಾದರಿ’ ಎಂಬ ಪದಗಳ ಹಿಂದೆ ಅಡಗಿದರೂ ತಪ್ಪಾಗಬಹುದು ಎಂದರು. ಆ ಕ್ಷಣದಿಂದ ನನ್ನ ಕಣ್ಣಿಗೆ ಅತ್ತೆ ಆರೋಪಿ ನಂಬರ್ ಒನ್. ರಜೆಯಲ್ಲಿ ಡಬ್ಬಿಗೆ ದಾರ ಕಟ್ಟಿದ್ದ ನಾನು ನಂಬರ್ ಟೂ.

“ಅತ್ಯಾ, ಈ ಹೆಸರು ಹಾಕೂ ಹಂಗಿಲ್ಲ. ಇಟ್ಸ್ ಇಲ್ಲೀಗಲ್.”

“ನಾ ಯಾರದರ ಕದ್ದೇನೇನವ್ವಾ? ಈ ಕೈ ಧಾರವಾಡದ್ದು.”

“ಕೈ ಅಲ್ಲೀದು ಅತ್ಯಾ, ಒಲಿ ಇಲ್ಲೀದು.”

ಇಂಥ ವಾದಕ್ಕೆ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಚಪ್ಪಾಳೆ ಬೀಳುತ್ತದೆ. ಅಡುಗೆಮನೆಯಲ್ಲಿ ಬೀಳಲಿಲ್ಲ. ಆದರೂ ಕಾನೂನು ಓದುವ ಹುಡುಗಿ ಹೇಳುತ್ತಿದ್ದಾಳಲ್ಲ ಎಂದು ಅತ್ತೆ ಒಪ್ಪಿದರು. ಕೊಂಡಾಪುರದಲ್ಲಿ ಸಂಪದಾ ಎಂಬ ಪರಿಚಯದ ಹುಡುಗಿಯ ನಿಶ್ಚಯಕ್ಕೆ ಹೋದ ಡಬ್ಬಿಗಳ ಮೇಲೆ ನಾನೇ ಲೇಬಲ್ ಅಂಟಿಸಿದೆ: ‘ಕೂಕಟ್‌ಪಲ್ಲಿಯಲ್ಲಿ ತಯಾರಾದ, ಬೇರಾವ ಊರನ್ನೂ ಸೂಚಿಸದ, ಕಂದು ಬಣ್ಣದ ಹಾಲಿನ ಸಿಹಿ ಪದಾರ್ಥ.’

ಬೀಗರ ಕಡೆಯ ಹಿರಿಯರಾದ ಹಂಪಯ್ಯನವರು ಕನ್ನಡಕ ಏರಿಸಿ ಅದನ್ನು ಇಡೀ ಸಭೆಗೆ ಓದಿ ಹೇಳಿದರು. “ಗೋದಾವರಿಬಾಯಾರ, ಇದೇನ್ರಿ, ಪೇಡೆ ಡಬ್ಬಿನೋ, ಬೀಗರಿಗೆ ಕೊಟ್ಟ ನೋಟಿಸೋ? ತಿನ್ನೂಕಿಂತ ಮೊದ್ಲ ವಕೀಲರನ್ನ ಕರಸಬೇಕೇನು?”

ಎಲ್ಲರೂ ನಕ್ಕರು. ವಕೀಲೆ ಅಲ್ಲೇ ಜಮಖಾನದ ಮೇಲೆ ಕುಳಿತಿದ್ದಳೆಂದು ಅತ್ತೆಯ ಹೊರತು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ನಗಲೂ ಇಲ್ಲ, ನನ್ನ ಹೆಸರು ಹೇಳಲೂ ಇಲ್ಲ. ಮನೆಗೆ ಬಂದು ಬಾಣಲೆಯನ್ನು ತೊಳೆದು, ಒರೆಸಿ, ಅಟ್ಟಕ್ಕೆ ಏರಿಸಿದರು. “ಊರ ಹೆಸರ ತಗದ ಮ್ಯಾಲ ಉಳಿದದ್ದು ಬರೇ ಸಕ್ರಿ ನೋಡವ್ವಾ. ಸಕ್ರಿ ಯಾರರ ಮಾಡ್ತಾರ.” ಆಮೇಲೆ ಪೇಡೆ ಕೇಳಿ ಬಂದ ಎರಡು ಮನೆಯವರನ್ನೂ ಬರಿಗೈಯಲ್ಲಿ ಕಳಿಸಿದ್ದಾರೆ.

ಮಾನ್ಯರೇ, ನಾನು ನಿಮ್ಮ ಕಾನೂನಿನ ವಿರೋಧಿಯಲ್ಲ. ಶಂಶಾಬಾದಿನ ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಹಿಟ್ಟಿನಂಥ ಬಿಳಿ ಉಂಡೆಯನ್ನು ಧಾರವಾಡದ ಹೆಸರಿನಲ್ಲಿ ತಿಂದವಳು ನಾನು. ಅಂಥವರಿಂದ ಧಾರವಾಡದ ಒಲೆಗಳನ್ನು ಕಾಯುವವರು ಬೇಕೇ ಬೇಕು. ನನ್ನ ನಿಷ್ಠೆಗೆ ಇನ್ನೊಂದು ಸಾಕ್ಷಿ: ರೂಮ್‌ಮೇಟ್ ಪೂರ್ವಿ, ಇಲ್ಲಿನ ಜಿಐ ಟ್ಯಾಗ್ ಹೊತ್ತ ಮಾಂಸ-ಗೋಧಿಯ ಖಾದ್ಯ ಹೈದರಾಬಾದಿ ಹಲೀಮನ್ನು ಬೆಂಗಳೂರಿನಲ್ಲಿ ತಿಂದೆ ಎಂದಾಗ, “ಅದು ಹಲೀಮ್ ಅಲ್ಲ, ಗೋಧಿ ಗಂಜಿ!” ಎಂದು ಹಾಸ್ಟೆಲ್ ಎದ್ದು ಬರುವಂತೆ ಕೂಗಿದ್ದೆ. ಹಲೀಮ್ ವಿಷಯದಲ್ಲಿ ನಾನು ಕಠಿಣ ಕಾನೂನಿನ ಪಕ್ಷ, ಪೇಡೆಯ ವಿಷಯದಲ್ಲಿ ಕರುಣೆಯ ಪಕ್ಷ. “ನಿನ್ನ ಅತ್ತೆಯಂತೆ ಊರು ಬಿಟ್ಟುಹೋದ ಒಬ್ಬ ಹೈದರಾಬಾದಿ ಚಾಚಾ ಅದನ್ನು ಮಾಡಿದ್ದರೆ?” ಎಂದು ಪೂರ್ವಿ ಈಗ ಕೇಳುತ್ತಾಳೆ. ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋಗುತ್ತೇನೆ. ಇತ್ತೀಚೆಗೆ ಬಹಳ ಶುಭ್ರವಾಗಿದ್ದೇನೆ.

ಆದರೂ ಕೇಳುತ್ತೇನೆ. ಧಾರವಾಡಕ್ಕೆ ಪೇಡೆ ತಂದವರೂ ಉತ್ತರ ಪ್ರದೇಶದಿಂದ ವಲಸೆ ಬಂದ ಮನೆತನದವರೇ ಎಂದು ಕೇಳಿ ಬೆಳೆದವರು ನಾವು. ಬಂದವರ ಕೈರುಚಿ ಊರಿನದಾಗುತ್ತದೆ; ಹೋದವರ ಕೈಯಿಂದ ಊರು ಯಾವ ಟೋಲ್‌ಗೇಟಿನಲ್ಲಿ ಇಳಿದುಹೋಗುತ್ತದೆ? ಈ ಪ್ರಶ್ನೆಯಲ್ಲಿ ನನ್ನ ಸ್ವಾರ್ಥವೂ ಇದೆ. ನಾನು ಹುಟ್ಟಿದ್ದು ಈ ನಗರದಲ್ಲಿ, ಬೆಳೆದದ್ದು ಇಂಗ್ಲಿಷ್ ಹಾಸ್ಟೆಲುಗಳಲ್ಲಿ. ನನ್ನ ಅರೆಬೆಂದ ಕನ್ನಡವೆಲ್ಲ ಅತ್ತೆಯ ಫೋನ್ ಕರೆಗಳದ್ದು. ಹಾಗಿದ್ದೂ ಯಾರಾದರೂ “ನೇಟಿವ್ ಯಾವುದು?” ಎಂದರೆ ಕಣ್ಣು ಮಿಟುಕಿಸದೆ “ಧಾರವಾಡ” ಎನ್ನುತ್ತೇನೆ. ಅತ್ತೆಯ ಪೇಡೆಯೇ ನಕಲಿಯಾದರೆ, ನನ್ನ ಮೇಲೆ ಯಾವ ಲೇಬಲ್ ಅಂಟಿಸುತ್ತೀರಿ?

ಆದ್ದರಿಂದ ನನ್ನ ಬೇಡಿಕೆ: ಊರು ಬಿಟ್ಟವರು ಮನೆಯ ಒಲೆಯಲ್ಲಿ ಮಾಡಿದ್ದಕ್ಕೆ, ಎಲ್ಲಿ ಮಾಡಿದ್ದೆಂದು ಪ್ರಾಮಾಣಿಕವಾಗಿ ಬರೆದು, ತಮ್ಮ ಊರಿನ ಹೆಸರನ್ನೂ ಪಕ್ಕಕ್ಕೆ ಇಡಬಹುದೇ ಇಲ್ಲವೇ? ಅತ್ತೆಗೆ ಅರ್ಥವಾಗುವ ಕನ್ನಡದಲ್ಲಿ ಬಹಿರಂಗವಾಗಿ ತಿಳಿಸಿ. ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬೇಡ. ಅದರಿಂದಲೇ ಇಷ್ಟೆಲ್ಲ ಆಯಿತು. ‘ಇಡಬಹುದು’ ಎಂದರೆ ಅಟ್ಟ ಹತ್ತಿ ಬಾಣಲೆ ಇಳಿಸುವವಳು ನಾನು. ‘ಇಲ್ಲ’ ಎಂದರೆ, ದಯವಿಟ್ಟು ಅದನ್ನು ಅತ್ತೆಗೆ ನೀವೇ ಹೇಳಿ. ನನ್ನ ಬಾಯಿಂದ ಒಮ್ಮೆ ಕೇಳಿದ್ದಾರೆ, ಸಾಕು.

ಇಂತಿ, ನೀವು ನೇಮಿಸದ ನಿಮ್ಮ ಇನ್‌ಸ್ಪೆಕ್ಟರ್,
ಹರ್ಷದಾ
ಊರು: ತಮ್ಮ ಉತ್ತರ ಬಂದ ಮೇಲೆ ತುಂಬಲಾಗುವುದು