ನಲ್ಲಿ ನೀರಿನಲ್ಲಿ ಬೆಳೆದ ತಂತಿ

ಪ್ರಯೋಗಾಲಯದ ಪಾತ್ರೆ ತೊಳೆಯುವ ಕೋಣೆ
ಮಾರ್ಚ್ ೧೧, ಬುಧವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಸೊಂಟ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿಕೊಂಡೇ ಇರಬೇಡ ಎಂದರೆ ಕೇಳುವವನಲ್ಲ ನೀನು, ಆದರೂ ಹೇಳುತ್ತೇನೆ. ಅಮ್ಮ ಆರಾಮಾಗಿದ್ದಾಳೆ. ನಿನ್ನ ಹೊಸ ಫೋಟೋ ನೋಡಿ "ಕತ್ತು ಎಷ್ಟು ಸಣ್ಣಗಾಗಿದೆ ನೋಡೇ" ಎಂದು ದಿನಕ್ಕೊಮ್ಮೆ ಗೊಣಗುತ್ತಾಳೆ. ಈ ವಿಷಯ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಸಿಟ್ಟಿನಿಂದ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಇಲ್ಲಿಗೆ ಸೇರಿ ಏಳು ತಿಂಗಳಾಯಿತು. ಕಾಲಿಗೆ ಚಕ್ರ ಕಟ್ಟಿಕೊಂಡ ನಿನ್ನ ತಂಗಿ ಏಳು ತಿಂಗಳು ಒಂದೇ ಕಡೆ! ನಾವು ಮಾಡುವುದು ಒಂದು ಚಿಟಿಕೆ ಕರಿ ಪುಡಿ. ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ ಒಂದೇ ಒಂದು ಪದರಕ್ಕೆ ಗ್ರಾಫೀನ್ ಎನ್ನುತ್ತಾರೆ. ಅದರ ಮೇಲೆ ಪಲ್ಲೇಡಿಯಂ ಲೋಹದ ತಂತಿಗಳನ್ನು ಬೆಳೆಸಬೇಕು, ಕೂದಲಿಗಿಂತ ಸಾವಿರಾರು ಪಟ್ಟು ತೆಳು. ಆ ಪುಡಿ ಬಳಿದ ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿದರೆ ಇಂಧನ ಬೆಂಕಿಯಿಲ್ಲದೆ ಉರಿದು ಕರೆಂಟು ಕೊಡುತ್ತದೆ. ನಿನ್ನ ಎಂಜಿನ್ನಿನಂತೆ ಮಸಿ ಕಾರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಆದರೆ ಲೋಹ ತಂತಿಯಾಗದೆ ಗುಂಡು ಕಾಳಾದರೆ ಅರ್ಧ ಗಂಟೆಗೇ ಸುಸ್ತಾಗುತ್ತದೆ.

ಡಿಸೆಂಬರಿನಲ್ಲಿ ಒಂದೇ ಒಂದು ಸಲ ತಂತಿ ಬಂತು. ಮೇಡಂ, ಅದೇ ನಿನ್ನ ಕಾಲೇಜಿನ ಗೆಳತಿ, ನನ್ನನ್ನು ತಬ್ಬಿಕೊಂಡು "ನಿನ್ನ ಕೈಗುಣ ಕಣೇ" ಎಂದರು. ಅಲ್ಲಿಂದ ಮೂರು ತಿಂಗಳು ಅದೇ ಅಳತೆ, ಅದೇ ಬಿಸಿ, ಅದೇ ಎಂಟು ಗಂಟೆ ಕಾಯಿಸುವುದು. ಬರೀ ಕಾಳು. ಮೇಡಂ ಈಗ ಊಟದ ಡಬ್ಬಿಯನ್ನೂ ತೆರೆಯುವುದಿಲ್ಲ.

ಕಾರಣ ನನಗೆ ಗೊತ್ತು ಅಣ್ಣಾ. ತೊಳೆದ ಗಾಜಿನ ಪಾತ್ರೆಯನ್ನು ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲೇ ಜಾಲಿಸಬೇಕು. ತಂತಿ ಬಂದ ಆ ದಿನ ಅದು ಮುಗಿದಿತ್ತು. ಕೆಳಗಿನ ಮಹಡಿಯಿಂದ ತರಲು ಸೋಮಾರಿತನ. ನಲ್ಲಿ ನೀರಿನಲ್ಲಿ ಜಾಲಿಸಿ, ಪ್ರಯೋಗದ ದಾಖಲೆ ಪುಸ್ತಕದಲ್ಲಿ "ಬಟ್ಟಿ ನೀರು" ಎಂಬ ಸಾಲಿನ ಮುಂದೆ ಟಿಕ್ ಹಾಕಿದೆ. ಮೊನ್ನೆ ಮೇಡಂ ಪಾಠ ಹೇಳುತ್ತಿದ್ದರು, ಚೂರು ಉಪ್ಪಿನಂಶ ಸೇರಿದರೂ ಲೋಹ ಬೆಳೆಯುವ ರೀತಿ ಬದಲಾಗುತ್ತದೆ ಎಂದು. ನಲ್ಲಿ ನೀರಿನಲ್ಲಿ ಉಪ್ಪಿನಂಶ ಇರುತ್ತದಲ್ಲ! ಪುಸ್ತಕ ತೆಗೆದು ಡಿಸೆಂಬರಿನ ಆ ಪುಟ ಹುಡುಕಿದೆ.

ಮಾಡದ ತಪ್ಪಿಗೆ ಕ್ಷಮೆ ಬರೆಯುವುದಿಲ್ಲ ಎಂದು ಒಂಬತ್ತನೇ ತರಗತಿಯಲ್ಲಿ ಬ್ಯಾಗು ಎತ್ತಿಕೊಂಡು ಶಾಲೆಯನ್ನೇ ಬಿಟ್ಟು ಬಂದವಳು ನಾನು. "ಓದಿಲ್ಲ, ಒಂದ್ಕಡೆ ಕೂರಲ್ಲ, ಆದ್ರೆ ಸುಳ್ಳು ಮಾತ್ರ ಹೇಳಲ್ಲ" ಎಂದು ನೀನು ಮೇಡಂಗೆ ಮಾತು ಕೊಟ್ಟು ನನ್ನನ್ನು ಇಲ್ಲಿ ಸೇರಿಸಿದೆ. ಒಂದು ಟಿಕ್ಕಿನಿಂದ ಅದನ್ನು ಮಣ್ಣುಪಾಲು ಮಾಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಮೇಡಂ ಬರುತ್ತಾರೆ. ಹೇಳಿಬಿಡುತ್ತೇನೆ. ಕೆಲಸ ಹೋಗಬಹುದು. ಮೊದಲ ಸಲ ಒಂದು ಕಡೆ ಇರಬೇಕು ಅನ್ನಿಸಿದ್ದು ಇಲ್ಲೇ, ಅದೊಂದು ಸಂಕಟ.

ನಿನ್ನ ಜೊತೆಗಾರರಿಗೆಲ್ಲ ನಮಸ್ಕಾರ ಹೇಳು. ಸೊಂಟಕ್ಕೆ ಬಿಸಿ ಶಾಖ ಕೊಡು.

ನಿನ್ನ,
ಚಡಪಡಿ

ತಾ.ಕ.: ಶುಕ್ರವಾರ, ಅಂಚೆಯವನು ಬರುವ ಹೊತ್ತು. ಹೇಳಿದೆ. ಮೇಡಂ ಆ ಟಿಕ್ಕಿನ ಮೇಲೆ ಬೆರಳಿಟ್ಟು "ಮೂರು ತಿಂಗಳು ಕಣೇ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಒಂದು ಪಾತ್ರೆಯನ್ನು ನಲ್ಲಿ ನೀರಿನಲ್ಲಿ, ಇನ್ನೊಂದನ್ನು ಬಟ್ಟಿ ನೀರಿನಲ್ಲಿ ತಾವೇ ಜಾಲಿಸಿ ಎರಡರಲ್ಲೂ ಪುಡಿ ಮಾಡಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಇವತ್ತು ನೋಡಿದರೆ ಬಟ್ಟಿ ನೀರಿನದರಲ್ಲಿ ಅದೇ ಕಾಳು, ನಲ್ಲಿ ನೀರಿನದರಲ್ಲಿ ತಂತಿ! ಮೇಡಂ ನಕ್ಕರು, ಆಮೇಲೆ ನನ್ನತ್ತ ತಿರುಗಿ "ತಂತಿ ಬಂತು ಅಂತ ನಿನ್ನ ಟಿಕ್ ನಿಜ ಆಗಲ್ಲ" ಎಂದರು. ನೀನು ರಜೆಗೆ ಬಂದಾಗ ನಿನ್ನನ್ನು ಕೇಳಿ ನನ್ನ ಕೆಲಸದ ವಿಷಯ ತೀರ್ಮಾನಿಸುತ್ತಾರಂತೆ. ಆಗ "ಚಿಕ್ಕವಳು, ಬಿಟ್ಬಿಡು" ಎನ್ನಬೇಡ ಅಣ್ಣಾ. ನನ್ನ ಪರವಾಗಿ ಏನೂ ಹೇಳಬೇಡ. "ಅವಳನ್ನೇ ಕೇಳು" ಎನ್ನು.